ಎರಡು ನಿಮಿಷದ ನದಿ

ಆ ಬೆಳಿಗ್ಗೆ ಗಾಳಿ ಬಿದ್ದುಹೋಗಿತ್ತು. ಮೋಡ ಕವಿದಿತ್ತು, ಸುರಿಯುವ ಮನಸ್ಸು ಮಾತ್ರ ಮಾಡಿರಲಿಲ್ಲ. ಕಲಾ ಸಂಗ್ರಹಾಲಯದ ಬಾಗಿಲು ತೆರೆಯುವ ಮೊದಲೇ ಆ ಮನುಷ್ಯ ಮೆಟ್ಟಿಲ ಮೇಲೆ ಕುಳಿತಿದ್ದ. ಸತತ ಮೂರನೆಯ ದಿನ.

ಮೇಲಿನ ಪ್ರೊಜೆಕ್ಟರ್ ಕ್ಯಾಬಿನ್ನಿನ ಕಿಟಕಿಯಿಂದ ಅವನನ್ನು ಕಂಡು ಆಪರೇಟರ್ ಸರಕ್ಕನೆ ಹಿಂದೆ ಸರಿದ.

ಪಶ್ಚಿಮ ಆಫ್ರಿಕಾದ ಹಳೆಯ ಸಿನಿಮಾವೊಂದನ್ನು ಸಂಗ್ರಹಾಲಯದವರು ಊರವರಿಗೆ ಪುಕ್ಕಟೆಯಾಗಿ ತೋರಿಸುತ್ತಿದ್ದರು. ಮೂರು ದಿನ, ಮೂರು ಆಟ. ಜಗತ್ತಿನಲ್ಲಿ ಅದರದ್ದು ಉಳಿದಿರುವುದು ಒಂದೇ ಪ್ರತಿ. ಬಂದ ರೀಲನ್ನು ತುದಿಯಿಂದ ತುದಿಗೆ ಬೆರಳ ನಡುವೆ ಹಾಯಿಸಿ ನೋಡಿ, ಆಮೇಲೆ ರುಜು ಹಾಕುವುದು ಕಸುಬಿನ ಕಟ್ಟಳೆ. ರೀಲು ಬಂದ ದಿನ ಆಪರೇಟರನಿಗೆ ಸೊಂಟನೋವು. ಡಬ್ಬಗಳನ್ನಷ್ಟೇ ಎಣಿಸಿ, ಪೂರ್ತಿ ಇದೆ ಎಂದು ರುಜು ಹಾಕಿಬಿಟ್ಟಿದ್ದ.

ಮೊದಲ ಆಟದಲ್ಲೇ ಗೊತ್ತಾಯಿತು. ಮೂರನೆಯ ರೀಲಿನಲ್ಲಿ, ಮಗನನ್ನು ಹುಡುಕಿ ಹೊರಟ ತಾಯಿ ದೋಣಿಗೆ ಕಾಲಿಡುತ್ತಾಳೆ. ಮರುಗಳಿಗೆ ಆಚೆ ದಡದಲ್ಲಿರುತ್ತಾಳೆ. ನಡುವಿನ ನದಿಯೇ ಮಾಯ. ಯಾರೋ ನೀಟಾಗಿ ಕತ್ತರಿ ಹಾಕಿದ್ದರು.

ಚಿತ್ರದ ಮಾಲೀಕರ ಕಡೆಯವರು ಹೇಳದೆ ಕೇಳದೆ ತಪಾಸಣೆಗೆ ಬರಬಹುದೆಂದು ಕ್ಯುರೇಟರ್ ಮೇಡಂ ಎಚ್ಚರಿಸಿದ್ದರು. ಆಪರೇಟರನ ನಿವೃತ್ತಿಗೆ ಇನ್ನು ಎಂಟೇ ತಿಂಗಳು. ದೇವರನ್ನು ನೆನೆಯದೆ ಒಂದು ದಿನವೂ ಯಂತ್ರ ಮುಟ್ಟಿದವನಲ್ಲ. ಈಗ ಕಳ್ಳನೆನಿಸಿಕೊಂಡು ಮೆಟ್ಟಿಲಿಳಿಯಬೇಕೆ?

ಮೊನ್ನೆ ಆ ಮನುಷ್ಯ ಪರದೇಶದ ಉಚ್ಚಾರದಲ್ಲಿ ಕೇಳಿದ್ದ: "ಎಷ್ಟು ಹೊತ್ತಿನ ಸಿನಿಮಾ?"

"ಎಂಬತ್ತೇಳು ನಿಮಿಷ."

"ಎಂಬತ್ತೊಂಬತ್ತಲ್ವಾ?"

ನಿನ್ನೆ ಮತ್ತೆ ಬಂದು, ರೀಲು ಅಂಟಿಸುವ ಸಲಕರಣೆ ಇನ್ನೂ ಇಟ್ಟುಕೊಂಡಿದ್ದೀರಾ ಎಂದು ವಿಚಾರಿಸಿದ್ದ. ಇದೆ ಎಂದು ತೊದಲಿದಾಗ, ತಲೆಯಾಡಿಸಿ ಹೋಗಿದ್ದ.

ಬಾಗಿಲು ಕಾಯುವ ಅಕ್ಕನಿಗೆ ಇದೆಲ್ಲ ತಮಾಷೆ. "ನಿಮಗೂ ಒಬ್ಬ ಅಭಿಮಾನಿ ಸಿಕ್ಕಿದಾನೆ ಬಿಡಿ. ಪರದೆ ಬಿಟ್ಟು ನಿಮ್ಮ ಕಿಟಕೀನೇ ನೋಡ್ತಾನೆ."

ದೀಪ ಆರಿತು. ಒಂದನೆಯ ರೀಲು, ಎರಡನೆಯದು, ಮೂರನೆಯದು. ತಾಯಿ ದಡಕ್ಕೆ ಬಂದಳು. ಚಿತ್ರ ಹಾರುವುದಕ್ಕೆ ಒಂದು ಉಸಿರಿನಷ್ಟು ಮೊದಲೇ ಆ ಮನುಷ್ಯ ತಲೆ ತಗ್ಗಿಸಿದ. ಆಚೆ ದಡ ಕಾಣಿಸಿಕೊಂಡ ಮೇಲೆ ತಲೆಯೆತ್ತಿ, ನಿಧಾನವಾಗಿ ತಿರುಗಿ, ಕ್ಯಾಬಿನ್ನಿನತ್ತ ನೋಡಿದ. ಆಪರೇಟರ್ ಕಿಂಡಿಯ ಪಕ್ಕಕ್ಕೆ ತಲೆ ಮರೆಸಿದ. ಇವನಿಗೆ ಎಲ್ಲಾ ಗೊತ್ತಿದೆ.

ಆಟ ಮುಗಿಯಿತು. ಜನ ಚದುರಿದರು. ಒಂದು ಜೊತೆ ಹೆಜ್ಜೆ ಮಾತ್ರ ಕ್ಯಾಬಿನ್ನಿನ ಕಡಿದಾದ ಮೆಟ್ಟಿಲು ಹತ್ತಿ ಬಂತು. ಆತ ಒಳಗೆ ಬಂದು ಬಾಗಿಲು ಮುಂದೆ ಮಾಡಿದ.

ಆಪರೇಟರ್ ಕಾಯಲಿಲ್ಲ. "ನೋಡದೆ ರುಜು ಹಾಕಿದ್ದು ನನ್ನ ತಪ್ಪು ಸ್ವಾಮಿ, ಒಪ್ಕೋತೀನಿ. ಆದ್ರೆ ಕತ್ತರಿಸಿದ್ದು ನಾನಲ್ಲ. ದೇವರಾಣೆ."

"ಗೊತ್ತು."

ಆತ ಕೋಟಿನೊಳಗೆ ಕೈ ಹಾಕಿದ. ಹೊರಬಂದದ್ದು ಅಂಗೈಯಗಲದ ತಗಡಿನ ಡಬ್ಬಿ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದಂತೆ ಆಪರೇಟರನ ಮುಂದೆ ಇಟ್ಟ.

"ಆ ನದಿ ದಡದ ನಮ್ಮೂರ ಟಾಕೀಸಲ್ಲಿ ನಾನೂ ಇದೇ ಕೆಲಸ ಮಾಡ್ತಿದ್ದೆ ಅಣ್ಣ. ಕತ್ತರಿಸಿದ್ದು ನಾನೇ. ಈ ತುಂಡಲ್ಲಿ ದೋಣಿ ನಡೆಸೋನು ನಮ್ಮಪ್ಪ. ಸಿನಿಮಾ ತೆಗೆದ ಮರುವರ್ಷ ಆ ನದೀಲೇ ಹೋದ. ಅಮ್ಮನ ಹತ್ರ ಅವನದ್ದು ಬೇರೆ ಚಿತ್ರ ಇರಲಿಲ್ಲ. ಹೋದ ತಿಂಗಳು ಅವಳೂ ಕಣ್ಮುಚ್ಚಿದ್ಲು. ಇನ್ನು ಅಪ್ಪನ್ನ ಅವನ ಜಾಗಕ್ಕೇ ಸೇರಿಸ್ಬಿಡಿ."