ಗಾಡಿ ನಮಗೆ ಕಾಣಿಸುತ್ತಿದೆ

ಕೆಂಪು ಗುಂಡಿ ಒತ್ತಿಬಿಟ್ಟ ಮೇಲೆ ಜಯದೇವನಿಗೆ ತಾನೆಂಥ ಎಡವಟ್ಟು ಮಾಡಿಕೊಂಡೆ ಎಂದು ಹೊಳೆಯಿತು. ಏನು ಮಾಡುತ್ತಾನೆ ಪಾಪ! ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅವನ ಗಲ್ಲಿಯ ಅಜ್ಜಿ ಪದ್ಮಾಬಾಯಿ ಎದೆ ಹಿಡಿದುಕೊಂಡು ಒಂದು ಕಡೆಗೆ ವಾಲಿಬಿಟ್ಟಿದ್ದರು. ಮುಖವೆಲ್ಲ ಬೆವರು. ಬದುಕಿದ್ದೇನೆ ಎಂದು ಪಿಂಚಣಿಯವರಿಗೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಬಂದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಕಾಶಿಯ ಸೋನಾರ್‌ಪುರಾದ ರಸ್ತೆಯಲ್ಲಿ ಮಧ್ಯಾಹ್ನದ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಕೈಕಾಲು ಆಡದೆ, ಕಣ್ಣಿಗೆ ಬಿದ್ದದ್ದನ್ನು ಒತ್ತಿದ್ದ. ಹೊಸ ಟ್ಯಾಕ್ಸಿ ಎಂದರೆ ಈ ತುರ್ತಿನ ಗುಂಡಿ, ಅದರ ಜೊತೆಗೆ ಗಾಡಿ ಎಲ್ಲಿದೆಯೆಂದು ತೋರಿಸುತ್ತ ಹೋದಲ್ಲೆಲ್ಲ ಬೆನ್ನು ಹತ್ತುವ ಒಂದು ಪೆಟ್ಟಿಗೆ; ಇವೆರಡೂ ಇಲ್ಲದಿದ್ದರೆ ಪರ್ಮಿಟ್ಟೇ ಇಲ್ಲ.

"ನಮಸ್ತೆ, ನಿಮ್ಮ ಗಾಡಿ ನಮಗೆ ಕಾಣಿಸುತ್ತಿದೆ," ಎಂದಿತು ಸ್ಪೀಕರಿನೊಳಗಿನ ಹೆಣ್ಣುದನಿ, ಹಿಂದಿಯಲ್ಲಿ. "ಏನು ತೊಂದರೆ?"

ಅಜ್ಜಿಯ ಸ್ಥಿತಿಯನ್ನು ಅವನು ತೊದಲುತ್ತ ಹೇಳಿದ. ಆ ದನಿ ಅಂದಿತು: "ಗಾಬರಿಯಾಗಬೇಡಿ ಭೈಯಾ. ಆ್ಯಂಬುಲೆನ್ಸ್ ಹೊರಟಿದೆ, ಎಂಟೇ ನಿಮಿಷ. ಸದ್ಯಕ್ಕೆ ಬೆಡ್ ಖಾಲಿ ಇರುವುದು ರಾಮನಗರದ ಆಸ್ಪತ್ರೆಯಲ್ಲಿ. ಗಂಗೆಯ ಸೇತುವೆ ದಾಟಿಸಿ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ."

ರಾಮನಗರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುಚ್ಚಿದ್ದ ಪದ್ಮಾಬಾಯಿಯ ಕಣ್ಣು ಅಗಲವಾಗಿ ತೆರೆದವು. "ಹೊಳಿ ಆಚೀಗೇನು? ಬ್ಯಾಡೋ ತಮ್ಮಾ, ಬ್ಯಾಡ! ನಿನ್ನ ಕಾಲು ಹಿಡೀತೀನಿ!"

ಅವರು ಧಾರವಾಡದ ಕಡೆಯಿಂದ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಬಂದ ತಿಂಗಳೇ ಕ್ಷೇತ್ರಸನ್ಯಾಸ ತೆಗೆದುಕೊಂಡಿದ್ದರು: ಉಸಿರಿರುವ ತನಕ ಕಾಶಿಯ ಎಲ್ಲೆ ದಾಟುವುದಿಲ್ಲ ಎಂಬ ನೇಮ. ಈ ದಡದಲ್ಲಿ ಸತ್ತರೆ ಮುಕ್ತಿ, ಆ ದಡದಲ್ಲಿ ಸತ್ತರೆ ಕತ್ತೆಯ ಜನ್ಮ ಎಂದು ಘಾಟಿನವರೆಲ್ಲ ಹೇಳುವುದನ್ನು ಕಾಶಿಯಲ್ಲೇ ಕನ್ನಡದವರ ಮನೆಯಲ್ಲಿ ಹುಟ್ಟಿದ ಜಯದೇವ ನಕ್ಕು ಬಿಟ್ಟುಬಿಡುತ್ತಿದ್ದ. "ಸೇತುವೆ ಮೇಲೆ ಒಂದು ರೌಂಡ್ ಹೋಗಿ ಬರೋಣ್ವಾ ಅಜ್ಜಿ?" ಎಂದು ರೇಗಿಸಿ ಬೈಸಿಕೊಂಡದ್ದೂ ಉಂಟು. ಈಗ ನಗು ಬರಲಿಲ್ಲ. ಒಡಹುಟ್ಟಿದ ತಮ್ಮನ ಹೆಣ ಊರಿನಲ್ಲಿ ಕಾಯುತ್ತಿದ್ದಾಗಲೂ ಹೋಗದೆ, ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂತು ಅತ್ತವರು ಈ ಅಜ್ಜಿ.

"ಮೇಡಂ, ರದ್ದು ಮಾಡಿ. ನಮ್ಮ ಗಲ್ಲಿಯಲ್ಲೇ ಡಾಕ್ಟರ್ ಇದ್ದಾರೆ, ಮನೆಗೇ ಬರ್ತಾರೆ."

"ಒಮ್ಮೆ ಒತ್ತಿದ ಮೇಲೆ ರದ್ದು ಮಾಡುವುದು ನನ್ನ ಕೈಯಲ್ಲಿಲ್ಲ."

ಮುಂದಿನ ಗಾಡಿಗಳ ನಡುವೆ ಒಂದು ಸಂದು ಬಿಟ್ಟಿತು. ಜಯದೇವ ಗೇರು ಹಾಕಿ ಮನೆಯ ಕಡೆಗೆ ಸ್ಟೇರಿಂಗ್ ತಿರುಗಿಸಿದ. ಒಂದು ಸೈಕಲ್ ರಿಕ್ಷಾಕ್ಕೆ ತಾಗಿತೋ ತಾಗಲಿಲ್ಲವೋ, ರಿಕ್ಷಾದವನು ಅವನ ವಂಶವನ್ನೆಲ್ಲ ಜಾಲಾಡಿಬಿಟ್ಟ.

"ಗಾಡಿ ಚಲಿಸುತ್ತಿದೆ. ಎಡಕ್ಕೆ ತಿರುಗಿದಿರಿ. ಯಾಕೆ?" ದನಿ ಬಿಗಿಯಾಯಿತು. "ಹಿಂದೆ ಮಾತಾಜಿ ಯಾಕೆ ಅಳುತ್ತಿದ್ದಾರೆ? ಯಾವ ಭಾಷೆ ಅದು?"

"ಅದನ್ನೂ ಕೇಳಿಸಿಕೊಳ್ತಾ ಇದ್ದೀರಾ?"

"ತುರ್ತು ಕರೆಯಲ್ಲಿ ಎಲ್ಲವೂ ರೆಕಾರ್ಡ್ ಆಗುತ್ತದೆ. ಗಾಡಿ ನಿಲ್ಲಿಸಿ. ಇಲ್ಲವಾದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ."

ಜಯದೇವ ಗಾಡಿ ನಿಲ್ಲಿಸಲಿಲ್ಲ. ಆ ಹೆಣ್ಣುಮಗಳ ತಪ್ಪಾದರೂ ಏನು? ಅವಳು ಹೇಳಿದ ಹಾಗೆ ಕೇಳಿದರೆ ಅಜ್ಜಿ ಬದುಕಬಹುದು. ಬದುಕದೆ ಆಚೆ ದಡದಲ್ಲೇ ಪ್ರಾಣ ಹೋದರೆ? ಹತ್ತೊಂಬತ್ತು ವರ್ಷ ನೀರಿಗೆ ಬಿತ್ತು. ಕೇಳದಿದ್ದರೆ ಪರ್ಮಿಟ್ ಹೋಗುತ್ತದೆ; ಮುದುಕಿಯನ್ನು ಎತ್ತಿಕೊಂಡು ಹೋಗಿ ಕೊಂದ ಎಂದರೂ ಅಂದಾರು. ಶಿವನೇ, ಇದೆಂಥ ಪೀಕಲಾಟಕ್ಕೆ ತಂದಿಟ್ಟೆಯಪ್ಪಾ ಎಂದು ಅವನಿಗೆ ಅಳುವೇ ಬಂತು. ಹಿಂದೆ ದೂರದಲ್ಲಿ ಸೈರನ್ ಕೇಳಿಸಿತು.

"ತಮ್ಮಾ," ಪದ್ಮಾಬಾಯಿ ಮುಂದಿನ ಸೀಟನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದರು. "ಅವರಿಗೆ ಕಾಣಸೋದು ನಾನೋ, ಗಾಡಿನೋ?"

"ಗಾಡಿ, ಅಜ್ಜಿ."

"ಹಂಗಾರ ನನ್ನ ಇಳಸು."

ಅವನು ಒಂದು ಕ್ಷಣ ಕನ್ನಡಿಯಲ್ಲಿ ಆ ಮುಖ ನೋಡಿದ. ಆಮೇಲೆ ಯೋಚಿಸಲಿಲ್ಲ. ಗಾಡಿಯನ್ನು ತಮ್ಮ ಗಲ್ಲಿಯ ಬಾಯಲ್ಲಿದ್ದ ಪಾನ್ ಅಂಗಡಿಯೆದುರು ಅಡ್ಡಾದಿಡ್ಡಿ ನಿಲ್ಲಿಸಿ, ಬಾಗಿಲು ತೆರೆದು, ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡ. ಮೈಯಲ್ಲಿ ಭಾರವೇ ಇರಲಿಲ್ಲ. ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದಂಥ ಗಲ್ಲಿ. ಅದರೊಳಗೆ ಗಾಡಿಯೂ ಬರದು, ಆ್ಯಂಬುಲೆನ್ಸೂ ಬರದು. "ಹಟೋ, ಹಟೋ!" ಎಂದು ಕೂಗುತ್ತ ಓಡಿದ. ಹಿಂದಿನಿಂದ ಆ ದನಿ ಖಾಲಿ ಸೀಟುಗಳಿಗೆ ಹೇಳುತ್ತಿತ್ತು: "ಗಾಡಿ ನಿಂತಿದೆ. ಧನ್ಯವಾದ. ಅಲ್ಲೇ ಇರಿ, ಮಾತಾಜಿಯವರನ್ನು ಅಲುಗಾಡಿಸಬೇಡಿ."

ಅಲುಗಾಡಿಸಬೇಡಿ ಎಂಬ ಆ ಮಾತು ಚುಚ್ಚಿತು. ಅವಳು ಹೇಳಿದ್ದು ಸರಿಯೇ ಇರಬಹುದು. ತನ್ನ ಈ ಓಟವೇ ಅಜ್ಜಿಗೆ ಮುಳುವಾದೀತು ಎಂದು ಓಟ ತಗ್ಗಿಸಿ ಬಿರಬಿರನೆ ನಡೆಯತೊಡಗಿದ. ಡಾಕ್ಟರರ ಬಾಗಿಲಿಗೆ ಇನ್ನೂ ಎರಡು ತಿರುವು. ಕತ್ತಿನ ಮೇಲೆ ಬೀಳುತ್ತಿದ್ದ ಉಸಿರು ಒಮ್ಮೆ ಬರುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು.

"ಅಜ್ಜಿ? ಅಜ್ಜಿ, ಮಾತಾಡಿ!"

ಅಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಪರ್ಮಿಟ್ ಮಾಡಿಸುವಾಗ ಅವನು ಕೊಟ್ಟಿದ್ದ ನಂಬರು; ಮಾಡುತ್ತಿರುವುದು ಆ ಗುಂಡಿಯವರೇ. ಇಲ್ಲಿಗೂ ಬಂದರಲ್ಲ! ಎಂದು ಅವನಿಗೆ ಮೈಯೆಲ್ಲ ಉರಿಯಿತು. ಎತ್ತಲಿಲ್ಲ. ನಿಂತಿತು, ಮತ್ತೆ ಹೊಡೆದುಕೊಂಡಿತು.

ಆಗ ಬೆನ್ನ ಮೇಲಿಂದ, ಕಿವಿಯ ಹತ್ತಿರವೇ, ಪದ್ಮಾಬಾಯಿಯ ದನಿ ಬಂತು.

"ಎತ್ತೋ ತಮ್ಮಾ. ಎಲ್ಲದೀರಿ ಅಂತ ಕೇಳ್ತಾರ. ಕಾಶಿಯೊಳಗ ಅದೀವಿ ಅಂತ ಹೇಳು."