ಗುಂಡಮ್ಮನ ಪಥ್ಯ

ಗುಂಡಮ್ಮ ತಟ್ಟೆಯನ್ನು ಒಂದು ಸಲ ಮೂಸಿದಳು. ಆಮೇಲೆ ಮುಂಗಾಲಿನಿಂದ ಪಕ್ಕದ ನೆಲವನ್ನು ಕೆರೆದು ಕೆರೆದು, ಹೊಲಸಿನ ಮೇಲೆ ಮಣ್ಣೆಳೆಯುವ ಶಾಸ್ತ್ರ ಮುಗಿಸಿ, ಸೋಫಾದ ಕೆಳಗೆ ಹೋಗಿ ಮಲಗಿಬಿಟ್ಟಳು. ತಟ್ಟೆಯಲ್ಲಿದ್ದದ್ದು ಹದವಾಗಿ ಬೇಯಿಸಿ ಕೈಯಲ್ಲೇ ಬಿಡಿಸಿದ ಕೋಳಿ ಮಾಂಸ, ಜೊತೆಗೊಂದು ಚೂರು ಲಿವರ್. ಬೇಯಿಸಿದವನು ಸೌಟಣ್ಣ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ, ಮತ್ತು ಅಲ್ಲಿ ಅವನು ಬಡಿಸಿದ ತಟ್ಟೆ ಹಾಗೇ ವಾಪಸು ಬಂದದ್ದು ಯಾರಿಗೂ ನೆನಪಿಲ್ಲ. ಅಂಥವನ ಮರ್ಯಾದೆಯನ್ನು ಅವನ ಮನೆಯ ಬೆಕ್ಕೇ ತೆಗೆದಿತ್ತು.

"ಬೆರೆಸಿ ಕೊಡಿ ಅಂತ ಡಾಕ್ಟರು ಅಷ್ಟು ಹೇಳಿ ಕಳಿಸಿದ್ರಲ್ಲಪ್ಪ," ಎಂದಳು ಮಗಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಳತೆ ತಪ್ಪಿದರೆ ಅವಳಿಗೆ ಸಮಾಧಾನವಿಲ್ಲ. "ಮೊದಲು ಪ್ಯಾಕೆಟ್ ಕಾಳು ಜಾಸ್ತಿ, ಮಾಂಸ ಸ್ವಲ್ಪ. ಆಮೇಲೆ ನಿಧಾನಕ್ಕೆ ಅದನ್ನ ಇಳಿಸ್ತಾ, ಇದನ್ನ ಏರಿಸ್ತಾ ಹೋಗ್ಬೇಕು."

"ನನ್ನ ಅಡುಗೆಗೆ ಪ್ಯಾಕೆಟ್ ಬೆರೆಸೋದಾ? ಹಸಿವಾದ್ರೆ ತಾನೇ ಬರ್ತಾಳೆ, ಬಿಡು."

ಬೆಕ್ಕುಗಳಿಗೆಂದೇ ಅಂಗಡಿಯಲ್ಲಿ ಸಿಗುವ ಒಣ ಪ್ಯಾಕೆಟ್ ಕಾಳನ್ನೇ ವರ್ಷಗಟ್ಟಲೆ ತಿಂದು ಗುಂಡಮ್ಮ ದಿಂಬಿನ ಹಾಗೆ ಊದಿಕೊಂಡಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮನೆಯಲ್ಲೇ ಮಾಂಸ ಬೇಯಿಸಿ, ತಾನು ಕೊಟ್ಟ ಪೌಷ್ಟಿಕಾಂಶದ ಪುಡಿ ಬೆರೆಸಿ ಹಾಕಿ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿಸಲೂಬೇಡಿ ಎಂದಿದ್ದರು ಡಾಕ್ಟರು. ಅಲ್ಲಿಗೇ ಸೌಟಣ್ಣನ ಅರ್ಧ ಜೀವ ಹೋಗಿತ್ತು. ಒಲೆ ಹಚ್ಚಿದರೆ ಸಾಕು, ಅವನ ಕೈ ಅವನನ್ನು ಕೇಳದೆಯೇ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು. ಮಗಳು ಡಬ್ಬಿಯನ್ನೇ ಎತ್ತಿ ಅಟ್ಟದ ಮೇಲಿಟ್ಟಳು. ಬೆಂದದ್ದನ್ನು ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದನ್ನ ಜೈಲಲ್ಲೂ ಬಡಿಸಲ್ಲ ಕಣೇ," ಎಂದು ಅವನು ಮುಖ ಹಿಂಡಿದ್ದ. ಅಷ್ಟೆಲ್ಲ ನುಂಗಿಕೊಂಡವನಿಗೆ ಪ್ಯಾಕೆಟ್ಟಿನ ವಿಷಯ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಮಾರನೆಯ ದಿನ ಸಂಜೆಯಾದರೂ ಗುಂಡಮ್ಮ ಬರಲಿಲ್ಲ. ಬಗ್ಗಿ ಕರೆದರೆ ಕಿವಿಯನ್ನೂ ಆಡಿಸಲಿಲ್ಲ. ಮಗಳು ಡಾಕ್ಟರಿಗೆ ಫೋನ್ ಮಾಡಿ, ಮುಖ ಗಂಟಿಕ್ಕಿಕೊಂಡು ಅಡುಗೆಮನೆಗೆ ಬಂದಳು.

"ದಪ್ಪ ಬೆಕ್ಕು ಉಪವಾಸ ಬಿದ್ರೆ ಲಿವರ್ರೇ ಕೆಟ್ಟುಹೋಗುತ್ತಂತೆ. ಈಗ ತಿನ್ನದಿದ್ರೆ ತಡ ಮಾಡ್ಬೇಡಿ, ಡ್ರಿಪ್ ಹಾಕ್ಬೇಕಾಗುತ್ತೆ, ಎತ್ಕೊಂಡು ಬನ್ನಿ ಅಂದ್ರು. ನಿನ್ನ ಹಟ ಸಾಕಪ್ಪ. ಅವಳೇನು ನಿನ್ನ ಕ್ಯಾಂಟೀನಿಗೆ ಊಟಕ್ಕೆ ಬಂದವಳಲ್ಲ."

ಸೌಟಣ್ಣ ನೆಲಕ್ಕೆ ಕೆನ್ನೆ ತಾಗಿಸಿ ಸೋಫಾದ ಕೆಳಗೆ ನೋಡಿದ. ಆ ಅರೆಗಣ್ಣು ಕಂಡು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಬಾಯಿಲ್ಲದ ಜೀವವನ್ನು ತನ್ನ ಕೈರುಚಿಯ ಜಂಬಕ್ಕೆ ಹಸಿದುಕೊಂಡಿರುವಂತೆ ಮಾಡಿದ್ದ. ಎದ್ದು ಹೋಗಿ ಪ್ಯಾಕೆಟ್ ಬಿಚ್ಚಿದ. ಬಿಸಿ ನೀರಲ್ಲಿ ಮಾಂಸ ಬೆಚ್ಚಗೆ ಮಾಡಿದ. ಹಿಡಿ ಕಾಳನ್ನು ಕುಟ್ಟಾಣಿಗೆ ಹಾಕಿ ಕುಟ್ಟಿದ, ಜರಡಿ ಹಿಡಿದ, ಮಾಂಸದ ಮೇಲೆ ಬೆರಳ ತುದಿಯಿಂದ ಸಮನಾಗಿ ಉದುರಿಸಿದ. ಕಾಳು ಬೆರೆಸುವುದರಲ್ಲೂ ಕೈಚಳಕ ಬಿಡಲಿಲ್ಲ ಆಸಾಮಿ.

ತಟ್ಟೆಯನ್ನು ಸೋಫಾದ ಅಂಚಿಗೆ ತಳ್ಳಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕಾರ್ಖಾನೆಯ ಯಜಮಾನರು ಊಟಕ್ಕೆ ಬಂದ ದಿನವೂ ಅವನು ಹೀಗೆ ಉಸಿರು ಬಿಗಿಹಿಡಿದು ಕಾದಿರಲಿಲ್ಲ. ಮೊದಲು ಮೂಗು ಬಂತು, ಆಮೇಲೆ ನಾಲಿಗೆ. ಮೇಲಿನ ಪುಡಿ ನೆಕ್ಕುವ ಆತುರದಲ್ಲಿ ಒಂದು ಎಳೆ ಮಾಂಸವೂ ಒಳಗೆ ಹೋಯಿತು. ಗುಂಡಮ್ಮ ತಡೆದು, ಯೋಚಿಸಿ, ಇನ್ನೊಂದು ಎಳೆ ತೆಗೆದುಕೊಂಡಳು. ಮಗಳ ಕಣ್ಣಲ್ಲಿ ನೀರಿತ್ತು. ತನ್ನ ಕಣ್ಣು ಅವಳಿಗೆ ಕಾಣದಿರಲೆಂದು ಸೌಟಣ್ಣ ಪಾತ್ರೆ ತೊಳೆಯಲು ಎದ್ದುಹೋದ.

ಆಮೇಲಿನ ಕಥೆಯೆಲ್ಲ ಚಿಟಿಕೆಯದ್ದು. ಕಾಳಿನ ಪುಡಿ ಇಷ್ಟಿಷ್ಟೇ ಇಳಿಯುತ್ತ ಬಂದು ಒಂದು ದಿನ ನಿಂತೇಹೋಯಿತು. ತಟ್ಟೆ ಮಾತ್ರ ತೊಳೆದಿಟ್ಟಷ್ಟು ಚೊಕ್ಕ. ಡಾಕ್ಟರು ತೂಕ ನೋಡಿ ತಲೆದೂಗಿದರು. ಸೌಟಣ್ಣ ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಉಪ್ಪು ಹಾಕಿ ಮೆಚ್ಚಿಸೋಕೆ ಯಾರಿಗಾದ್ರೂ ಬರುತ್ತೆ. ಹಾಕದೆ ಮೆಚ್ಚಿಸಿ ನೋಡೋಣ."

ಒಂದು ಭಾನುವಾರ ಅವನು ಮಾಂಸದ ಪಾತ್ರೆಯನ್ನು ಆರಲೆಂದು ಅಡುಗೆಕಟ್ಟೆಯ ಮೇಲಿಟ್ಟು ಕೈ ತೊಳೆಯುತ್ತಿದ್ದ. ಹಿಂದೆ ಧಪ್ ಎಂದು ಸದ್ದಾಯಿತು. ತಿರುಗಿದರೆ, ಎಷ್ಟೋ ಕಾಲದಿಂದ ನೆಲಬಿಟ್ಟು ಮೇಲೇಳದ ಗುಂಡಮ್ಮ ಕಟ್ಟೆಯ ಮೇಲೆ ನಿಂತು, ಅರೆಮುಚ್ಚಿದ ಪಾತ್ರೆಯ ಸಂದಿಗೆ ಕಾಲು ತೂರಿಸುತ್ತಿದ್ದಾಳೆ.

ಬಾಗಿಲಲ್ಲಿದ್ದ ಮಗಳು, "ಅಪ್ಪ, ಕದೀತಿದ್ದಾಳೆ, ಓಡಿಸು," ಎಂದಳು.

"ಶ್, ಮಾತಾಡ್ಬೇಡ. ಹೇಗೆ ಹಾರಿದ್ಳು, ನೋಡ್ದ್ಯಾ?"

ಬಡಿಸುವ ಮೊದಲು ಪಾತ್ರೆಗೆ ಕೈ ಹಾಕಿದರೆ ಕ್ಯಾಂಟೀನಿನ ಮ್ಯಾನೇಜರನ್ನೂ ಬಿಡದ ಸೌಟಣ್ಣ, ಬೆಕ್ಕು ಬೆದರದ ಹಾಗೆ ಮೆಲ್ಲಗೆ ಕೈ ಚಾಚಿ, ಮುಚ್ಚಳವನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದ.