ಫೋರ್ಮನ್ ಹೇಳಿದ್ದು

ವೇದಿಕೆಗೆ ದೀಪದ ಕಂಬ ಏರಿಸುತ್ತಿದ್ದ ನಿಸಾರ್ ಮಧ್ಯಾಹ್ನ ಎರಡು ಗಂಟೆಗೆ ಅಲ್ಲೇ ಕುಸಿದುಬಿದ್ದ. ಸೌದಿಯ ಉತ್ತರ ತುದಿಯ ಆ ದ್ವೀಪದಲ್ಲಿ ಜೂನ್ ಬಿಸಿಲಿಗೆ ಕಬ್ಬಿಣ ಮುಟ್ಟುವಂತಿರಲಿಲ್ಲ. ಆ ಹೊತ್ತಿನಲ್ಲಿ ಬಯಲಲ್ಲಿ ದುಡಿಸಬಾರದೆಂಬ ಸರಕಾರದ ನಿಯಮ ಬೋಟು ಹತ್ತಿ ಇಲ್ಲಿಯವರೆಗೆ ಬಂದಿರಲಿಲ್ಲ. ನಿಸಾರನನ್ನು ಬೋಟಿನಲ್ಲಿ ಮಲಗಿಸಿ ದಡದ ಆಸ್ಪತ್ರೆಗೆ ಕಳಿಸಿದರು. ಜೊತೆಗೆ ಹೊರಟ ನಿಯಾಝ್‌ನನ್ನು ಈಜಿಪ್ಟಿನ ಫೋರ್ಮನ್ ತಡೆದ. ಸಂಜೆ ರಿಸಾರ್ಟಿನ ಅತಿಥಿಗಳಿಗೆ ಸಂಗೀತವಿತ್ತು, ಕೆಲಸಕ್ಕೆ ಜನ ಸಾಲದು.

ನಿಸಾರ್, ನಿಯಾಝ್‌ನ ತಂಗಿ ಝೊಹರಾಳ ಗಂಡ. ಅವನನ್ನು ಈ ಕೆಲಸಕ್ಕೆ ಕರೆಸಿಕೊಂಡವನೂ ನಿಯಾಝನೇ.

ಸೂರ್ಯ ಇಳಿಯುವಾಗ ಅತಿಥಿಗಳು ತಂಪು ಗಾಳಿಯ ಯಂತ್ರಗಳ ನಡುವೆ ಬಂದು ಕೂತರು. ನೀರೆಲ್ಲ ಕೇಸರಿಯಾಯಿತು, ವಾದ್ಯಗಳು ಶುರುವಾದವು. ನಿಯಾಝ್ ಫೋರ್ಮನ್‌ನ ಬೆನ್ನು ಹತ್ತಿ ಆಸ್ಪತ್ರೆಯ ಸುದ್ದಿ ಕೇಳಿದ. ಅವನು ಮುಖ ಎತ್ತದೆ "ನಿಸಾರ್ ಖಲಾಸ್" ಎಂದು ಹೇಳಿ ಹೋದ.

ನಿಯಾಝ್‌ಗೆ ಹೋದ ಜೀವ ಬಂತು. ಇಲ್ಲಿ ವೈರು ಎಳೆದರೆ ಖಲಾಸ್, ಊಟ ಮುಗಿದರೆ ಖಲಾಸ್. ಚಿಕಿತ್ಸೆಯೂ ಮುಗಿದು ಭಾವ ರೂಮು ಸೇರಿರಬೇಕು ಎಂದುಕೊಂಡು ತಂಗಿಗೆ ವೀಡಿಯೋ ಕರೆ ಮಾಡಿದ. ಗಂಡನ ಫೋನು ಸಿಗದೆ ಅವಳು ಮಧ್ಯಾಹ್ನದಿಂದ ಒದ್ದಾಡುತ್ತಿದ್ದಳು. ಸ್ವಲ್ಪ ತಲೆ ತಿರುಗಿದ್ದು, ಈಗ ಸರಿಯಾಗಿದೆ ಎಂದರೆ ಅವಳು ನಂಬಲಿಲ್ಲ.

"ಫೋರ್ಮನ್ ಎಂತ ಹೇಳಿದ್ದು? ಅದನ್ನೇ ಹೇಳು ಅಣ್ಣ."

"ನಿಸಾರ್ ಖಲಾಸ್ ಅಂದ."

ಅವರ ಊರು ಉಪ್ಪಿನಂಗಡಿಯಲ್ಲಿ ಮನುಷ್ಯರ ಬಗ್ಗೆ ಆ ಮಾತು ಆಡಿದರೆ ಒಂದೇ ಅರ್ಥ. ಝೊಹರಾಳ ಮುಖ ಬಿಳಿಚಿಕೊಂಡಿತು. ನಿಯಾಝ್ ನಕ್ಕುಬಿಟ್ಟ.

"ಅದು ಇಲ್ಲಿಯ ಅರಬಿ ಮಾರಾಯ್ತಿ. ಕೆಲಸ ಮುಗಿಯಿತು ಅಂತ."

ಅವಳು ಕಣ್ಣೊರೆಸಿಕೊಂಡು ತಾನೂ ನಕ್ಕಳು. ಹಿಂದಿನಿಂದ ಕೇಳುತ್ತಿದ್ದ ಹಾಡು ಯಾವುದು, ಅಲ್ಲಿಯ ಸಮುದ್ರ ಒಮ್ಮೆ ತೋರಿಸು ಎಂದಳು. ಅವನು ಫೋನನ್ನು ವೇದಿಕೆಯ ಕಡೆಗೆ ತಿರುಗಿಸಿ ಹಿಡಿದ.

ಫೋರ್ಮನ್ ಒಂದು ಕಾಗದ ಹಿಡಿದುಕೊಂಡು ಮತ್ತೆ ಬಂದ. ಈ ಸಲ ಹರಕು ಹಿಂದಿಯಲ್ಲಿ ಬಿಡಿಸಿ ಹೇಳಿದ. ನಿಸಾರನ ಮಯ್ಯತ್ತನ್ನು ಊರಿಗೆ ಕಳಿಸುವುದೋ, ಇಲ್ಲೇ ದಫನ ಮಾಡುವುದೋ, ಮನೆಯವರನ್ನು ಕೇಳಿ ಬೇಗ ತಿಳಿಸಬೇಕಂತೆ. ವಾದ್ಯಗಳ ಸದ್ದಿನಲ್ಲಿ ಝೊಹರಾಗೆ ಅದೊಂದೂ ಕೇಳಿಸಲಿಲ್ಲ.

"ಅಣ್ಣ, ಫೋನು ಅಲ್ಲಾಡಿಸಬೇಡ," ಎಂದಳು ಅವಳು. "ಸಮುದ್ರ ಸರಿ ಕಾಣುವುದಿಲ್ಲ."